ಡಬ್ಬಿ ನುಂಗಿದ ಸೊಲ್ಲು

ಪಾಪಕ್ಕ ಹಾಡಿದ ಹಾಡಿನಿಂದ ಕೆಂಪರಾಜ್ ಒಂದು ಸೊಲ್ಲನ್ನು ಕತ್ತರಿಸಿ ತೆಗೆದ. ತೆಗೆದ ಜಾಗದ ಎರಡು ಅಂಚುಗಳನ್ನು ಕೂಡಿಸಿ, ಕಿವಿ ಎಡವದ ಹಾಗೆ ನಯ ಮಾಡಿ, ಹಾಡನ್ನು ಕಾರ್ಖಾನೆಯ ಗೆಳೆಯ ವಿಜಯನಿಗೆ ಕಳಿಸಿಕೊಟ್ಟ. ಅದು ಭಾನುವಾರ.

ಶುಕ್ರವಾರ ಬಾಶೆಟ್ಟಿಹಳ್ಳಿಯಲ್ಲಿ ಮೊದಲನೇ ಪಾಳಿ ಮುಗಿಸಿ ಬೈಕು ಹತ್ತಿದಾಗ ಅವನ ತಲೆಯೊಳಗೆ ಓಡುತ್ತಿದ್ದದ್ದು ಈ ವಿಷಯವಲ್ಲ. ಈ ವಿಷಯ ಓಡದಿರಲೆಂದು ಅವನೇ ಜೋರಾಗಿ ಓಡಿಸುತ್ತಿದ್ದ ಇನ್ನೊಂದು. ಮನೆಯಲ್ಲಿ ಕೂತು ಹಾಡು ಹಿಡಿಯುವವನಿಗೆ ಮೈಕು ಮುಖ್ಯವೋ ಪ್ರೀಆಂಪ್ ಮುಖ್ಯವೋ. ವಾರವಿಡೀ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಚಿತ್ರಾನ್ನ ತಣ್ಣಗಾಗುವ ತನಕ ಇದೇ ವಾದ. ಮೈಕು ಹಿಡಿಯುವ ಸದ್ದು ಬಹಳ ಸಣ್ಣದು, ಇದ್ದೂ ಇಲ್ಲದಂಥದ್ದು. ಅದನ್ನು ಎತ್ತಿ ದೊಡ್ಡದು ಮಾಡಿ ಕಂಪ್ಯೂಟರಿಗೆ ಒಪ್ಪಿಸುವ ಡಬ್ಬಿಯೇ ಪ್ರೀಆಂಪ್. ವಿಜಯ್ ಡಬ್ಬಿಯ ಕಡೆಯವನು. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಅವರ ಮನೆ. ಮುಂಭಾಗದಲ್ಲಿ ವಿದ್ಯುತ್ ಮಗ್ಗ, ಹಿಂಭಾಗದಲ್ಲಿ ಸಂಸಾರ. ಮಗ್ಗದ ಮೋಟಾರು ಹೊರಟಿತೆಂದರೆ ಒಳಗಿನ ಟೀವಿಯೂ ಗುಂಯ್ ಅನ್ನುತ್ತದೆ. ಹಾಗಾಗಿ ಲೋಕದ ಕೇಡೆಲ್ಲ ತಂತಿಯೊಳಗಿಂದಲೇ ಬರುತ್ತದೆ ಅನ್ನುವುದು ಅವನು ಹುಟ್ಟಿನಿಂದ ಕಲಿತ ಸಿದ್ಧಾಂತ.

“ಮೈಕು ಅಂದ್ರೆ ಬರೀ ಕಿವಿ ಗುರು,” ಅನ್ನುವನು. “ಕಿವಿ ಎಲ್ರಿಗೂ ಐತೆ. ಕೇಳಿದ್ದನ್ನ ನಾಲ್ಕು ಜನದ ಮುಂದೆ ಎತ್ತಿ ಹೇಳಕ್ಕೆ ಗಂಟಲು ಬೇಕಲ್ಲ, ಅದು ಪ್ರೀಆಂಪು. ಗಂಟಲು ಕೆಟ್ಟಿದ್ರೆ ಕಿವಿ ಇಟ್ಕೊಂಡು ಏನ್ ಮಾಡ್ತೀಯ?”

“ಕಿವಿಗೇ ಬೀಳ್ದೆ ಇದ್ದದ್ದನ್ನ ಗಂಟಲು ಏನಂತ ಹೇಳ್ತದಲಾ?” ಅನ್ನುವನು ಕೆಂಪರಾಜ್.

ಮಾತು ಪ್ರತಿಸಲ ಇಲ್ಲಿಗೆ ಬಂದು ನಿಲ್ಲುತ್ತಿತ್ತು. ಪ್ರತಿಸಲವೂ ಕೆಂಪರಾಜನ ಒಳಗೆ ಮೂರನೆಯವನೊಬ್ಬ ಎದ್ದು ಕೂತು, ಕಿವಿಗೆ ಬಿದ್ದಿತ್ತು, ಗಂಟಲೂ ಹೇಳಿತ್ತು, ಬಾಯಿಗೆ ಬಟ್ಟೆ ತುರುಕಿದವನು ಯಾರು ಎಂದು ಕೇಳುತ್ತಿದ್ದ. ಆಗ ಕೆಂಪರಾಜ್ ವಿಜಯನ ತಟ್ಟೆಯ ಕಡಲೆಬೀಜವನ್ನು ಆರಿಸಿ ಬಾಯಿಗೆ ಹಾಕಿಕೊಂಡು, ಮೈಕಿನ ಪರವಾಗಿ ಇನ್ನೊಂದು ವಾದ ಹುಡುಕುತ್ತಿದ್ದ.

ಮೈಕು ಬಂದು ಇನ್ನೂ ತಿಂಗಳಾಗಿರಲಿಲ್ಲ. ಅದು ಬಂದ ದಿನ ಅಪ್ಪ ಅಪ್ಪಯ್ಯಣ್ಣ ಅದನ್ನು ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಹಿಡಿದು, ಹಿಂದೆ ಮುಂದೆ ನೋಡಿ, “ಇಷ್ಟು ದಪ್ಪ ಮೈಕಿಗೆ ಹಾರ್ನ್ ಎಲ್ಲಪ್ಪಾ ಕಟ್ತೀಯ, ಹುಣಸೇಮರಕ್ಕಾ?” ಎಂದು ಕೇಳಿದ್ದರು. ಹಾರ್ನ್ ಇಲ್ಲ, ಇದು ಊರಿಗೆ ಕೂಗುವ ಮೈಕಲ್ಲ, ಕೇಳಿಸಿಕೊಳ್ಳುವ ಮೈಕು ಎಂದು ಬಿಡಿಸಿ ಹೇಳಿದ ಮೇಲೂ ಅವರಿಗೆ ನಿರಾಸೆ ಹೋಗಲಿಲ್ಲ. ಡೈರಿಯ ಸಭೆಗೆ ಆಗುತ್ತದೆ ಅಂದುಕೊಂಡಿದ್ದರು. ಆದರೂ ರೇಷ್ಮೆಹುಳುವಿನ ಮನೆಗೆ ಅಂಟಿಕೊಂಡ ಸಾಮಾನಿನ ಕೋಣೆಯನ್ನು ಮಗನಿಗೆ ಬಿಟ್ಟುಕೊಟ್ಟವರೂ ಅವರೇ. ಅಲ್ಲಿ ಗೋಡೆಗೆ ಒರಗಿಸಿಟ್ಟ ಚಂದ್ರಿಕೆಗಳು, ಹಣ್ಣಾದ ಹುಳು ಗೂಡು ಕಟ್ಟಲೆಂದು ಬಿದಿರಿನ ಚಾಪೆಯ ಮೇಲೆ ಸುರುಳಿ ಸುರುಳಿಯಾಗಿ ದಬ್ಬೆ ಹೆಣೆದವು, ಒಂದರ ಪಕ್ಕ ಒಂದು ನಿಂತಿದ್ದವು. ಮೊದಲ ದಿನ ಚಪ್ಪಾಳೆ ತಟ್ಟಿ ನೋಡಿದ ವಿಜಯ್ ದಂಗಾಗಿ ನಿಂತ. ಕೋಣೆ ಚಪ್ಪಾಳೆಯನ್ನು ಹಿಂದಕ್ಕೆ ಕೊಡಲಿಲ್ಲ. ಸುರುಳಿಗಳ ನಡುವೆ ಹೊಕ್ಕ ಸದ್ದು ದಾರಿ ತಪ್ಪಿ ಅಲ್ಲೇ ಉಳಿಯಿತು. ಬೆಂಗಳೂರಿನ ಸ್ಟುಡಿಯೋದವರು ಇದಕ್ಕೇ ಸ್ಪಂಜು ಅಂಟಿಸುತ್ತಾರೆ ಲೇ, ನಿಮ್ಮಪ್ಪ ಬಿದಿರು ಅಂಟಿಸಿದಾರೆ ಎಂದು ಅವನು ಚಂದ್ರಿಕೆಗಳನ್ನು ಒಂದೊಂದಾಗಿ ಮುಟ್ಟಿ ಮುಟ್ಟಿ ನೋಡಿದ್ದ.

ಆದರೂ ಸುಯ್ ಅನ್ನುವ ಸದ್ದೊಂದು ಉಳಿದೇ ಇತ್ತು. ಪಾಪಕ್ಕನ ದನಿಯ ಹಿಂದೆ, ದೂರದಲ್ಲಿ ಯಾರೋ ಬೂದಿಯನ್ನು ಜರಡಿ ಹಿಡಿಯುತ್ತಿರುವ ಹಾಗೆ, ಎಡೆಬಿಡದ ಸಣ್ಣ ಸದ್ದು. ವಿಮಾನದ್ದಲ್ಲ. ವಿಮಾನದ ಸದ್ದಿಗೆ ಇವರೆಲ್ಲ ಪಳಗಿದ್ದರು. ಅದು ಬರುವ ಮುಂಚೆಯೇ ಮಾತು ನಿಲ್ಲಿಸಿ, ಹೋದ ಮೇಲೆ ನಿಲ್ಲಿಸಿದ ಅಕ್ಷರದಿಂದಲೇ ಮುಂದುವರಿಸುವುದು ಈ ಸೀಮೆಯ ಮಕ್ಕಳಿಗೂ ಬರುತ್ತದೆ. ಇದು ಬೇರೆ. ವಿಜಯ್ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿ, ವೈದ್ಯನ ಹಾಗೆ ತಲೆಯಾಡಿಸಿ, ಪ್ರೀಆಂಪು ಅಂದ. ಬುಧವಾರ ಯಾರಿಂದಲೋ ಇನ್ನೊಂದು ಒಳ್ಳೆಯ ಡಬ್ಬಿಯನ್ನು ಕೇಳಿ ತಂದು ಹಚ್ಚಿ ನೋಡಿದ. ಅದೇ ಸುಯ್. ಹಾಗಾದರೆ ಮೈಕಿನದೇ ದೋಷ ಎಂದು ಒಪ್ಪಿ ಕೆಂಪರಾಜ್ ತನ್ನ ವಾದವನ್ನು ತಾನೇ ಸೋಲಿಸಬೇಕಾಯಿತು. ಮೈಕು ಮುಖ್ಯ ಅಂದರೆ ಮೈಕು ಕೆಟ್ಟಿದೆ ಎಂದು ಒಪ್ಪಿಕೊಳ್ಳಬೇಕು, ಡಬ್ಬಿ ಮುಖ್ಯ ಅಂದರೆ ಡಬ್ಬಿ; ಇಬ್ಬರೂ ತಮ್ಮ ತಮ್ಮ ದೇವರನ್ನೇ ಕಳ್ಳನೆಂದು ಹಿಡಿದುಕೊಡಬೇಕಾದ ವಿಚಿತ್ರ ವಾದವಾಗಿ ಹೋಯಿತು ಅದು.

ಆ ಸುಯ್ ಇದ್ದದ್ದರಿಂದಲೇ ಅವನು ಬಚಾವಾಗಿದ್ದ. ಸೋಮವಾರ ಸಂಜೆ ಪಾಪಕ್ಕನಿಗೆ ಅವಳ ಹಾಡನ್ನು ಕೇಳಿಸಿದಾಗ, ಹೆಡ್‌ಫೋನನ್ನು ಅವಳ ಮುಡಿಯ ಮೇಲೆ ಕೂರಿಸಲು ಅವನ ಕೈ ಸ್ವಲ್ಪ ಅಳುಕಿತ್ತು. ಅರವತ್ತು ದಾಟಿದ ಹೆಂಗಸು. ಇವನು ಮಗುವಾಗಿದ್ದಾಗ ಇವನನ್ನು ಸೊಪ್ಪಿನ ಕುಕ್ಕೆಯಲ್ಲಿ ಕೂರಿಸಿಕೊಂಡು ಹಿಪ್ಪುನೇರಳೆ ಸಾಲುಗಳ ನಡುವೆ ಹೊತ್ತು ತಿರುಗಿದವಳು. ಇವರ ಮನೆಯ ನಡುಮನೆಗೆ ಇವತ್ತಿಗೂ ಬಾರದೆ ಹುಳುಮನೆಯ ಕಡೆಯಿಂದಲೇ ಬಂದು ಹೋಗುವವಳು. ತನ್ನ ದನಿ ತನ್ನ ಕಿವಿಯೊಳಗೇ ಹುಟ್ಟಿದಾಗ ಅವಳು ಮೊದಲು ಹಿಂದೆ ತಿರುಗಿ ನೋಡಿದಳು. ಆಮೇಲೆ ನಕ್ಕಳು. ಬೆರಳು ಮಂಡಿಯ ಮೇಲೆ ತಾಳ ಹಾಕತೊಡಗಿತು. ಹೊಲಗಳ ಹೆಸರು ಹೇಳುತ್ತಾ ಹೋಗುವ ಹಾಡು ಅದು, ಸೊಪ್ಪು ಬಿಡಿಸುವಾಗ ಹೇಳುವಂಥದ್ದು. ಹುಣಸೆ ತೋಪು ಯಾರದವ್ವ, ಗಿಣಿಗಳದು ಕಾಣವ್ವ, ಉದುರಿದ ಹುಳಿಯೆಲ್ಲ ನಮದವ್ವ. ಅಲ್ಲಿ ಅವಳ ಬೆರಳು ಮುಂದಿನ ಸೊಲ್ಲಿಗೆಂದು ಮೇಲೆ ಎದ್ದಿತು. ಎದ್ದದ್ದು ಗಾಳಿಯಲ್ಲೇ ನಿಂತಿತು. ಹಾಡು ಅವಳನ್ನು ಬಿಟ್ಟು ಮುಂದೆ ಹೋಗಿತ್ತು. ಬೆರಳು ನಿಧಾನವಾಗಿ ಇಳಿದು, ಓಡಿಹೋಗಿ ಬಸ್ಸು ಹಿಡಿದವರ ಹಾಗೆ ತಾಳವನ್ನು ಸೇರಿಕೊಂಡಿತು. ಮುಗಿದ ಮೇಲೆ ಅವಳು ಹೆಡ್‌ಫೋನ್ ತೆಗೆದು ಅವನ ಕೈಗಿಟ್ಟು, “ಒಂದು ಸೊಲ್ಲು ನುಂಗ್ಬಿಟ್ಟೈತೆ ಕಣಪ್ಪ ನಿನ್ ಡಬ್ಬಿ,” ಅಂದಳು. ಅವನು ಕಣ್ಣು ತಪ್ಪಿಸಿ, ಅಲ್ಲಿ ಸದ್ದು ಜಾಸ್ತಿ ಬಂದಿತ್ತು ಪಾಪಕ್ಕ, ಡಬ್ಬಿ ಸರಿ ಇಲ್ಲ ಅಂದ. ಅವಳು ಹೌದಾ ಅಂದಳು. ಬೇರೆ ಡಬ್ಬಿ ತಗೊಂಬಾ ಮತ್ತೆ ಅಂದಳು. ಅಷ್ಟೇ. ಬೈದಿದ್ದರೆ ಅವನು ಅಂದು ಊಟ ಮಾಡುತ್ತಿದ್ದ.

ಯಾರೂ ಅವನಿಗೆ ಕತ್ತರಿಸು ಎಂದಿರಲಿಲ್ಲ. ಅದೇ ಅವನನ್ನು ಕೊರೆಯುತ್ತಿದ್ದದ್ದು. ಅಪ್ಪ ಹೇಳಿದ್ದರೆ ಅಪ್ಪನ ಮೇಲೆ ಹಾಕಬಹುದಿತ್ತು. ಅಪ್ಪನಿಗೆ ಗೊತ್ತೇ ಇಲ್ಲ. ನಡುಮನೆಯ ಗೋಡೆಯ ಮೇಲೆ ಹೂವಿನ ಹಾರ ಹಾಕಿಕೊಂಡು ಕೂತ ತಾತ ಬೈರಪ್ಪನೂ ಎದ್ದು ಬಂದು ಕೈ ಹಿಡಿದಿರಲಿಲ್ಲ. ಕೆರೆಯ ಹಿಂದಿನ ಹೊಲವನ್ನು ಪಾಪಕ್ಕನ ತಾಯಿ ಉಳುತ್ತಿದ್ದಳು, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಗಡಿಕಲ್ಲುಗಳು ಬೈರಪ್ಪನ ಬೇಲಿಯ ಒಳಗಿದ್ದವು, ಕೇಳಲು ಹೋದವರಿಗೆ ಕಲ್ಲು ಮೊದಲಿಂದಲೂ ಅಲ್ಲೇ ಇತ್ತು ಎಂದು ಊರೇ ಸಾಕ್ಷಿ ನುಡಿಯಿತು. ಆ ಹೊಲ ಈಗ ವಿಮಾನ ನಿಲ್ದಾಣಕ್ಕೆ ಹೋಗುವ ರಸ್ತೆಯ ಅಡಿಯಲ್ಲಿದೆ. ಉತ್ತವರಿಗೆ ಡಾಂಬರಿನ ವಾಸನೆ ಸಿಕ್ಕಿತು, ಬೇಲಿಯವರಿಗೆ ಪರಿಹಾರ ಸಿಕ್ಕಿತು, ಮನೆಯ ಮೇಲೆ ಮಹಡಿ ಎದ್ದಿತು. ಇದು ಅವನಿಗೆ ಹೊಸದಲ್ಲ. ದೇವನಹಳ್ಳಿಯ ಓದುಬಳಗದಲ್ಲಿ ವಿಜಯನ ಪಕ್ಕ ಕೂತು, ಭೂಮಿ ಯಾರದು ಎಂದು ಪುಸ್ತಕ ಬಡಿದು ಮಾತಾಡುವವನು ಅವನೇ. ರಸ್ತೆಗೆ, ಲೇಔಟಿಗೆ, ಗೋದಾಮಿಗೆ ಹೋದ ಹೊಲಗಳ ಹಾಡುಗಳನ್ನು ಹಿಡಿದು ಬರುವ ಭಾನುವಾರ ಬಳಗದಲ್ಲಿ ಎಲ್ಲರಿಗೂ ಕೇಳಿಸಬೇಕೆಂದು ಹೊಳೆದದ್ದೂ ಅವನಿಗೇ. ಹಾಡು ಹಿಡಿದಾಗ ಹೆಡ್‌ಫೋನಿನಲ್ಲಿ ತಾತನ ಹೆಸರು ಬಂತು. ಪಾಪಕ್ಕ ಅದನ್ನು ಕೋಪದಿಂದ ಹಾಡಿರಲಿಲ್ಲ, ಗಿಣಿಗಳನ್ನು ಹಾಡಿದ ದನಿಯಲ್ಲೇ, ಅದೇ ಕಳ್ಳನಗೆಯಲ್ಲೇ ಹಾಡಿದ್ದಳು. ಅವನಿಗೆ ಕಂಡದ್ದು ಬಳಗದ ಕೋಣೆ, ಚಾಪೆಯ ಮೇಲೆ ಕೂತವರ ಮುಖಗಳು, ಒಂದೊಂದಾಗಿ ತನ್ನ ಕಡೆ ತಿರುಗುವ ಕುತ್ತಿಗೆಗಳು. ಪುಸ್ತಕ ಬಡಿಯುವ ಕೈ ಯಾವ ಬೇಲಿಯದು ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಅದಕ್ಕೇ ಕತ್ತರಿಸಿದ. ಹೊಲ ಉಳಿಸಿಕೊಳ್ಳಲು ತಾತ ಕಲ್ಲು ಸರಿಸಿದ. ಮುಖ ಉಳಿಸಿಕೊಳ್ಳಲು ಮೊಮ್ಮಗ ಸೊಲ್ಲು ಸರಿಸಿದ. ತಾತನಿಗಾದರೂ ರಾತ್ರಿಯೆಲ್ಲ ಬೆನ್ನು ಬಗ್ಗಿಸಿ ಹಾರೆ ಹಾಕಬೇಕಾಗಿತ್ತು. ಇವನಿಗೆ ಒಂದು ಬೆರಳು ಸಾಕಾಯಿತು.

ಊರಿನ ತಿರುವಿನಲ್ಲಿ ಬೈಕು ಇಳಿಸಿ ಮನೆ ಸೇರಿದಾಗ ಅಮ್ಮ ಅಕ್ಕಯಮ್ಮ ಹುಳುಮನೆಯ ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಅವಳು ಹೀಗೆ ಸುಮ್ಮನೆ ಕೂತಿರುವುದನ್ನು ನೋಡಿದರೆ ಯಾರಿಗೋ ಏನೋ ಆಗಿದೆ ಅನ್ನಿಸಬೇಕು, ಅಷ್ಟು ಅಪರೂಪ. “ಹುಳ ಜ್ವರಕ್ಕೆ ಕೂತವೆ, ನಾಳೆ ಏಳೋಗಂಟ ನಂಗೂ ರಜ,” ಅಂದಳು. ಹುಳು ಪೊರೆ ಬಿಡುವ ಮೊದಲು ಮೇವು ಬಿಟ್ಟು, ತಲೆ ಎತ್ತಿ ಅಲುಗದೆ ಕೂತುಬಿಡುತ್ತದಲ್ಲ, ಅದಕ್ಕೆ ಇಲ್ಲಿಯವರು ಜ್ವರ ಅನ್ನುತ್ತಾರೆ. ಇದು ನಾಲ್ಕನೆಯ ಜ್ವರ, ಕೊನೆಯದು. ಅವನು ಕೈಕಾಲು ತೊಳೆದು, ಮುದ್ದೆ ಮುರಿದು, ಕೋಣೆಗೆ ಹೋಗಿ ಡಬ್ಬಿಯ ಕೆಂಪು ದೀಪ ಹಚ್ಚಿದ. ತನ್ನ ಹಳೆಯ ಡಬ್ಬಿಯೇ. ವಿಜಯ್ ತಂದದ್ದು ಮೂಲೆಯಲ್ಲಿ ಚೀಲದೊಳಗೆ ಇತ್ತು. ಹೆಡ್‌ಫೋನ್ ಹಾಕಿಕೊಂಡ. ಏನೂ ಕೇಳಿಸಲಿಲ್ಲ. ವಯರು ಕಿತ್ತಿದೆ ಅಂದುಕೊಂಡು ಮೈಕನ್ನು ಬೆರಳಿಂದ ತಟ್ಟಿದ. ಕಿವಿಯ ತಮಟೆ ಹರಿಯುವ ಹಾಗೆ ಢಂ ಅಂದಿತು. ವಯರು ಸರಿ ಇದೆ. ಡಬ್ಬಿಯ ಗುಂಡಿಯನ್ನು ಪೂರ್ತಿ ತಿರುಗಿಸಿದ. ಅಂಗಳದಲ್ಲಿ ಅಮ್ಮ ಕೈ ಎತ್ತಿ ಕೂದಲು ಸರಿಪಡಿಸಿಕೊಂಡಾಗ ಬಳೆ ಜಾರಿದ್ದು ಕೇಳಿಸಿತು. ಚಂದ್ರಿಕೆಯ ಮೇಲೆ ನೊಣವೊಂದು ನಡೆದದ್ದು ಕೇಳಿಸಿತು. ಸುಯ್ ಮಾತ್ರ ಇಲ್ಲ. ಅದೇ ಮೈಕು, ಅದೇ ಡಬ್ಬಿ, ಅದೇ ಕೋಣೆ. ವಾರವಿಡೀ ಕ್ಯಾಂಟೀನಿನಲ್ಲಿ ಮನುಷ್ಯರ ನಿದ್ದೆ ಕೆಡಿಸಿದ ಸದ್ದು ತಾನಾಗಿ ಎದ್ದು ಮನೆಗೆ ಹೋಗಿತ್ತು.

ಅವನ ಕಣ್ಣು ಮೇಲೆ, ಹುಳುಮನೆಗೂ ಈ ಕೋಣೆಗೂ ನಡುವಿನ ಗೋಡೆಯಲ್ಲಿದ್ದ ಗಾಳಿಕಿಂಡಿಯ ಕಡೆ ಹೋಯಿತು.

ಎದ್ದು ಹುಳುಮನೆಗೆ ಹೋದ. ತಟ್ಟೆ ತಟ್ಟೆಯ ತುಂಬ ಹುಳುಗಳು ತಲೆ ಎತ್ತಿ, ಯಾರೋ ಹೇಳುವ ಕಥೆ ಕೇಳುತ್ತಿರುವ ಹಾಗೆ ಕೂತಿದ್ದವು. ಒಂದೂ ಮೇಯುತ್ತಿರಲಿಲ್ಲ. ಭಾನುವಾರ ಇವೇ ಹುಳುಗಳು ಮೂರನೆಯ ಜ್ವರದಿಂದ ಎದ್ದು, ಹಸಿದು, ತಟ್ಟೆಯಲ್ಲಿ ಎಲೆ ಬಿದ್ದದ್ದೇ ತಡ ಅಂಚಿನಿಂದ ಅಂಚಿಗೆ ಕತ್ತರಿಸುತ್ತಿದ್ದವು. ಸಾವಿರಾರು ಬಾಯಿ, ಒಂದೊಂದೂ ಸಾಸಿವೆಯಷ್ಟು. ಆ ಸದ್ದನ್ನು ಅವನು ಹುಟ್ಟಿದಾಗಿನಿಂದ ಕೇಳಿದ್ದ. ಆದ್ದರಿಂದ ಒಂದು ದಿನವೂ ಕೇಳಿರಲಿಲ್ಲ. ತೊಟ್ಟಿಲಲ್ಲಿ ಅದು ಅವನ ಜೋಗುಳ, ಪರೀಕ್ಷೆಗೆ ಓದುವಾಗ ಅದು ಅವನ ಮೌನ. ಮೌನಕ್ಕೇ ಸದ್ದಿದೆ ಎಂದು ಮೈಕು ಹೇಳಿದರೆ ಅವನು ಮೈಕನ್ನು ಬೈದಿದ್ದ. ಹೊಟ್ಟೆಯೊಳಗಿಂದ ನಗು ಎದ್ದಿತು. ತಡೆದ. ತಡೆದಷ್ಟೂ ಎದ್ದಿತು. ಹುಳು ಜ್ವರಕ್ಕೆ ಕೂತಾಗ ಹುಳುಮನೆಯಲ್ಲಿ ಗಲಾಟೆ ಮಾಡಬಾರದೆಂದು ಚಿಕ್ಕಂದಿನಿಂದ ಬೈಸಿಕೊಂಡವನು ಬಾಯಿಗೆ ಟವೆಲು ಒತ್ತಿಕೊಂಡು ಅಂಗಳಕ್ಕೆ ಓಡಿಬಂದು, ಬಾವಿಕಟ್ಟೆಯ ಮೇಲೆ ಬಿದ್ದು ನಕ್ಕ. ಅಮ್ಮ ಏನಾಯ್ತೋ ಎಂದು ಎದ್ದು ಬಂದು, ಕಾರಣ ಕೇಳಿ ಅರ್ಥವಾಗದೆ, ಅವನು ನಗುವುದನ್ನು ನೋಡಿಯೇ ನಗತೊಡಗಿದಳು. ಎಷ್ಟು ವರ್ಷವಾಗಿತ್ತೋ ಅವರಿಬ್ಬರೂ ಹೀಗೆ ಕಾರಣವಿಲ್ಲದೆ ಕೂಡಿ ನಕ್ಕು.

ವಿಜಯನಿಗೆ ಫೋನು ಮಾಡಿ ಸಂಗತಿ ಹೇಳಿದ. ಹಿಂದೆ ಮಗ್ಗ ಬಡಿಯುತ್ತಿತ್ತು.

“ಹಂಗಾದ್ರೆ ಮೈಕೇ ಗೆದ್ದಂಗಾಯ್ತಲ್ಲಲೇ,” ಅಂದ ವಿಜಯ್, ಸೋತ ದನಿಯಲ್ಲಿ. “ಗೋಡೆ ಆಚೆ ಹುಳ ಮೇಯೋದು ಕೇಳಿಸ್ಕಂಡೈತೆ ಅಂದ್ರೆ ಅದೆಂಥ ಕಿವಿ ಗುರು.”

“ಇಲ್ಲ ಕಣೋ, ನಿನ್ ಪ್ರೀಆಂಪೇ ಗೆದ್ದಿದ್ದು. ಅಷ್ಟು ಸಣ್ಣ ಸದ್ದನ್ನ ಎತ್ತಿ ಮಳೆ ಮಾಡೈತೆ ನೋಡು.”

ಇಬ್ಬರೂ ಒಬ್ಬರ ಪಕ್ಷವನ್ನು ಇನ್ನೊಬ್ಬರು ಹಿಡಿದುಕೊಂಡು ಹೊಸದಾಗಿ ಜಗಳ ತೆಗೆದರು. ವಿಜಯ್ ಈಗಲೇ ಹೊರಟು ಬರುತ್ತೇನೆ, ಸದ್ದಿಲ್ಲದ ಹೊತ್ತಲ್ಲೇ ಪಾಪಕ್ಕನಿಂದ ಇನ್ನೊಂದು ಸಲ ಹಾಡಿಸಿಬಿಡೋಣ ಅಂದ. ಆಯಿತು ಎಂದು ಫೋನಿಟ್ಟ ಮೇಲೆ ಕೆಂಪರಾಜನ ನಗು ಇಳಿಯಿತು. ಹುಳುಗಳು ಹಾಡಿನ ಉದ್ದಕ್ಕೂ ಒಂದೇ ಸಮ ಮೇಯ್ದಿದ್ದವು. ಒಂದು ಸೊಲ್ಲಿನಲ್ಲಿ ಮಾತ್ರ ಜಾಸ್ತಿ ಮೇಯ್ದಿರಲಿಲ್ಲ. ಇನ್ನು ಡಬ್ಬಿಯ ಹಿಂದೆ ಅಡಗುವಂತಿರಲಿಲ್ಲ. ಅಡಗಲು ಜಾಗ ಹೋದದ್ದಕ್ಕೆ ದುಃಖವಾಗಬೇಕಿತ್ತು. ಬದಲಿಗೆ, ಬಿಗಿದ ಬೂಟು ಕಳಚಿ ಕಾಲು ನೆಲಕ್ಕೆ ಇಟ್ಟ ಹಾಗೆ ಒಂದು ತಂಪು ಪಾದದಿಂದ ಮೇಲಕ್ಕೆ ಹತ್ತುತ್ತಿತ್ತು. ಆ ತಂಪನ್ನು ನಂಬದೆ ಅವನು ಬೈಕು ತೆಗೆದ.

ಪಾಪಕ್ಕ ಸಿಕ್ಕಿದ್ದು ರಸ್ತೆಯ ನಡುವೆ. ಈಗ ಅವಳು ಗುತ್ತಿಗೆಯವರ ಹಸಿರು ಕೋಟು ಹಾಕಿಕೊಂಡು, ವಿಮಾನ ನಿಲ್ದಾಣದ ರಸ್ತೆಯ ವಿಭಜಕದಲ್ಲಿ ನೆಟ್ಟ ಹೂಗಿಡಗಳಿಗೆ ನೀರು ಬಿಡುತ್ತಾಳೆ. ಎರಡೂ ಕಡೆ ಕಾರುಗಳು ಹರಿಯುತ್ತವೆ, ನಡುವೆ ಮೊಳದಗಲದ ಮಣ್ಣು. ಕೆರೆಯ ಏರಿ ಅಲ್ಲಿಂದ ಕಾಣುತ್ತದೆ. ಅಂದರೆ ಇದು ಅದೇ ಹೊಲ. ಅವಳ ತಾಯಿ ಉತ್ತ ಮಣ್ಣಿನಲ್ಲಿ ಅಷ್ಟು ಮಾತ್ರ ಡಾಂಬರಿಗೆ ಸಿಕ್ಕದೆ ಉಳಿದಿತ್ತು, ಅದಕ್ಕೆ ನೀರು ಹಾಕುವ ಕೂಲಿ ಮಗಳಿಗೆ. ಕೆಂಪರಾಜ್ ಈ ದಾರಿಯಲ್ಲಿ ದಿನಾ ಓಡಾಡುತ್ತಾನೆ. ಇದನ್ನು ಇವತ್ತು ನೋಡಿದ. ಕಾರುಗಳ ಸಂದು ಸಿಕ್ಕಿದಾಗ ದಾಟಿ ಅವಳ ಮುಂದೆ ನಿಂತ. ಮೊದಲು ಹುಳುವಿನ ಸಂಗತಿ ಹೇಳಿದ, ಅದು ಸುಲಭ. ಅವಳು ಪೈಪನ್ನು ಗಿಡದ ಬುಡಕ್ಕೆ ಬಿಟ್ಟು, ಸೊಂಟ ಹಿಡಿದುಕೊಂಡು ನಕ್ಕಳು. ಇವತ್ತೇ ಮತ್ತೆ ಹಾಡಬೇಕು ಅಂದ. ಪೂರ್ತಿ ಹಾಡಬೇಕು, ಆ ಸೊಲ್ಲೂ.

“ಅದನ್ನ ಡಬ್ಬಿ ನುಂಗ್ತದಲ್ಲಪ್ಪ,” ಅಂದಳು ಪಾಪಕ್ಕ.

“ಡಬ್ಬಿ ನುಂಗಿರ್ಲಿಲ್ಲ ಪಾಪಕ್ಕ. ನಾನೇ ತೆಗ್ದಿದ್ದು.”

ತಲೆಯ ಮೇಲೆ ವಿಮಾನವೊಂದು ಇಳಿಯುತ್ತಾ ಬಂತು. ಇಬ್ಬರೂ ಅಭ್ಯಾಸದಂತೆ ಸುಮ್ಮನಾದರು. ಅದರ ಹೊಟ್ಟೆ, ಚಕ್ರ, ನೆರಳು ಎಲ್ಲ ಹಾದುಹೋದವು. ಅಷ್ಟು ಹೊತ್ತೂ ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಹೂವಿನ ಬುಡದಲ್ಲಿ ಕೆಸರಾಗುತ್ತಿದ್ದ ಮಣ್ಣನ್ನು ನೋಡುತ್ತಿದ್ದ.

“ಇಷ್ಟು ಸೊಲ್ಲಲ್ಲಿ ಅದೊಂದನ್ನೇ ನುಂಗಕ್ಕೆ,” ಅಂದಳು ಅವಳು ಸದ್ದು ತಗ್ಗಿದ ಮೇಲೆ, “ಡಬ್ಬಿಗೆ ಬೈರಪ್ಪ ಯಾರೂಂತ ಹೆಂಗಪ್ಪ ಗೊತ್ತಾಯ್ತದೆ?”

ಅವಳ ಕಣ್ಣಲ್ಲಿ ಅದೇ ಕಳ್ಳನಗೆ. ಸೋಮವಾರವೇ ಗೊತ್ತಿತ್ತು ಅವಳಿಗೆ. ಐದು ದಿನ ಅವಳು ಅವನಿಗೆ ಸುಳ್ಳನ್ನು ಕಡ ಕೊಟ್ಟು, ಎಷ್ಟು ದಿನ ಇಟ್ಟುಕೊಳ್ಳುತ್ತಾನೋ ನೋಡೋಣ ಎಂದು ಸುಮ್ಮನಿದ್ದಳು. ಅವನಿಗೆ ಕಿವಿಯೆಲ್ಲ ಬಿಸಿಯಾಯಿತು. ಕ್ಷಮೆ ಕೇಳಲು ಸಿದ್ಧ ಮಾಡಿಕೊಂಡಿದ್ದ ಮಾತುಗಳು, ಬಳಗದಲ್ಲಿ ಕಲಿತ ತೂಕದ ಮಾತುಗಳು, ಆ ಪೈಪಿನ ನೀರಿನಲ್ಲಿ ಕಾಗದದ ದೋಣಿಯಂತೆ ನೆನೆದು ಮುಳುಗಿದವು. ಅವಳಿಗೆ ಅವು ಬೇಕಾಗಿಯೂ ಇರಲಿಲ್ಲ. ಅವಳ ತಲೆ ಆಗಲೇ ಹಾಡಿನ ಕಡೆ ಹೋಗಿತ್ತು. ಹೋದ ಸಲ ಹಾಡಿದ್ದೇ ಸರಿಯಿರಲಿಲ್ಲ ಅಂದಳು. ಕೋಣೆಯೊಳಗೆ ಕೂಡಿಹಾಕಿ ಒಬ್ಬಳನ್ನೇ ಹಾಡು ಅಂದರೆ ಹಾಡು ಏಳುವುದಿಲ್ಲ. ಒಬ್ಬರು ಹೇಳಬೇಕು, ಇನ್ನೊಬ್ಬರು ಅದನ್ನೇ ತಿರುಗಿ ಹಾಡಿ ಎತ್ತಬೇಕು. ಎತ್ತುವವರು ಇಲ್ಲದಿದ್ದರೆ ಹೇಳಿದ ಸೊಲ್ಲು ಅಲ್ಲೇ ಬಿದ್ದಿರುತ್ತದೆ, ಮುಂದಿನದಕ್ಕೆ ಬಾಯಿ ಬರುವುದಿಲ್ಲ. ಪ್ರತಿ ಸೊಲ್ಲಿನ ಆಚೆಗೂ ಅವಳು ಬಿಟ್ಟಿದ್ದ ಖಾಲಿ ಜಾಗಗಳು ಕೆಂಪರಾಜನಿಗೆ ನೆನಪಾದವು. ದಣಿವು ಎಂದುಕೊಂಡು ಅವನ್ನೂ ಕತ್ತರಿಸಿದ್ದ. ಎತ್ತುವವರಿಗೆಂದು ಕಾದ ಹೊತ್ತು ಅದು. ಇಂಟರ್ನೆಟ್ಟಿನಲ್ಲಿ ನೋಡಿ ಕಲಿತ ವಿಜಯ್, ಒಂದು ಮೈಕು ಒಂದು ದನಿ ಎಂದು ಮೊದಲೇ ಹಟ ಹಿಡಿದು, ಅವಳನ್ನು ಒಂಟಿ ಕೂರಿಸುವಂತೆ ಹೇಳಿಕೊಟ್ಟಿದ್ದ.

ಯಾರನ್ನು ಕರೆಯಲಿ ಎಂದು ಕೇಳಿದ. ಜೊತೆಯಲ್ಲಿ ಸೊಪ್ಪು ಬಿಡಿಸಿದವರಲ್ಲಿ ಕೆಲವರು ಸತ್ತರು, ಕೆಲವರು ಮಕ್ಕಳ ಹಿಂದೆ ಊರು ಬಿಟ್ಟರು. ಪಾಪಕ್ಕ ಪೈಪನ್ನು ಮುಂದಿನ ಗಿಡಕ್ಕೆ ಎಳೆದುಕೊಂಡಳು.

“ನಿಮ್ಮಮ್ಮನ್ನ ಕೂರ್ಸು,” ಅಂದಳು.

ಬೈಕಿನಲ್ಲಿ ಅವಳನ್ನು ಹಿಂದೆ ಕೂರಿಸಿಕೊಂಡು ಬರುವಾಗ ಕೆಂಪರಾಜ್ ನೆನಪನ್ನು ಹಿಂಡಿ ಹಿಂಡಿ ನೋಡಿದ. ಬದುವಿನ ಮೇಲೆ ಕೂತ ಹುಡುಗ, ಸಾಲುಗಳ ನಡುವೆ ಬಣ್ಣ ಬಣ್ಣದ ಸೆರಗು, ಒಂದು ದನಿ ಹೇಳುವುದು, ಹತ್ತು ದನಿ ಎತ್ತುವುದು. ಆ ಹತ್ತರಲ್ಲಿ ಅಮ್ಮನದೂ ಇತ್ತು. ಹೊಲದ ಯಜಮಾನಿಯಾದರೂ ಅವಳು ಕೂಲಿಯವರ ಜೊತೆಯೇ ಸೊಪ್ಪು ಬಿಡಿಸುತ್ತಿದ್ದಳು. ಆ ಸೊಲ್ಲು ಬಂದಾಗ ಅಮ್ಮ ಏನು ಮಾಡುತ್ತಿದ್ದಳು? ಎತ್ತುತ್ತಿದ್ದಳೋ, ಬಗ್ಗಿ ಕುಕ್ಕೆಗೆ ಎಲೆ ಒತ್ತುತ್ತಿದ್ದಳೋ? ಆ ಒಂದು ಜಾಗದಲ್ಲಿ ನೆನಪಿಗೆ ದನಿಯೇ ಇರಲಿಲ್ಲ. ನಗು ಮಾತ್ರ ಕೇಳುತ್ತಿತ್ತು, ಯಾರದ್ದೆಂದು ಗೊತ್ತಾಗದ, ಸೆರಗಿನೊಳಗಿನ ನಗು.

ಹೊತ್ತು ಇಳಿಯುವ ಮುಂಚೆ ಎಲ್ಲರೂ ಕೋಣೆಯಲ್ಲಿ ಸೇರಿದರು. ವಿಜಯ್ ಮೈಕನ್ನು ಇಬ್ಬರು ಹೆಂಗಸರ ನಡುವೆ, ಯಾರಿಗೂ ಹತ್ತಿರವೂ ಅಲ್ಲ ದೂರವೂ ಅಲ್ಲದ ಹಾಗೆ ನಿಲ್ಲಿಸಿ, ಮೊಳ ಹಾಕಿ ಅಳೆದ. ಅಕ್ಕಯಮ್ಮ ಹೊಸ ಸೀರೆ ಉಟ್ಟು ಬಂದಿದ್ದಳು. ಸೀರೆ ಸರಸರ ಅನ್ನುತ್ತದೆ ಎಂದು ಕೆಂಪರಾಜ್ ಹೇಳಿದ್ದಕ್ಕೆ ಮುಖ ಸಣ್ಣದು ಮಾಡಿಕೊಂಡು ಹೋಗಿ ಹಳೆಯ ನೂಲಿನ ಸೀರೆಯಲ್ಲಿ ವಾಪಸಾದಳು. ಬಳೆಗಳನ್ನು ಮೊಣಕೈಯ ತನಕ ಏರಿಸಿ ಬಿಗಿ ಮಾಡಿಕೊಂಡಳು. ನೆಲದ ಮೇಲೆ ಕೂರಲು ಹೋದ ಪಾಪಕ್ಕನನ್ನು ವಿಜಯ್, ಮೈಕು ಮೇಲಿದೆ, ಇಬ್ಬರೂ ಒಂದೇ ಎತ್ತರಕ್ಕೆ ಇರಬೇಕು ಎಂದು ಅಕ್ಕಯಮ್ಮನ ಪಕ್ಕ ಬೆಂಚಿನ ಮೇಲೆ ಕೂರಿಸಿದ. ಅವನಿಗೆ ಅದು ಬರೀ ಸದ್ದಿನ ಲೆಕ್ಕ. ಇಬ್ಬರು ಹೆಂಗಸರೂ ಒಂದು ಗಳಿಗೆ ಒಬ್ಬರ ಭುಜ ಒಬ್ಬರಿಗೆ ತಾಗದ ಹಾಗೆ ಕೂತು, ಬೆಂಚು ಗಿಡ್ಡವಾದ್ದರಿಂದ ಆಮೇಲೆ ತಾಗಿಸಿಕೊಂಡೇ ಕೂತರು. ಅಪ್ಪಯ್ಯಣ್ಣ ತಾನೂ ಕೇಳುತ್ತೇನೆ ಎಂದು ಬಂದು, ಬೋರಲು ಹಾಕಿದ ಕುಕ್ಕೆಯ ಮೇಲೆ ಬಾಗಿಲ ಬಳಿ ಕೂತರು. ಎಲೆ ಅಡಿಕೆ ಹೊರಗೆ ಉಗಿದು ಬಂದಿದ್ದರು. ಅವರ ಮುಖದಲ್ಲಿ ಮದುವೆಮನೆಯ ಯಜಮಾನನ ಹಿಗ್ಗು. ಅವರನ್ನು ಹೊರಗೆ ಕಳಿಸಬೇಕು ಎಂದು ಕೆಂಪರಾಜನಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿ ಸುಮ್ಮನಾದ.

ಕೆಂಪು ದೀಪ ಹತ್ತಿತು. ಪಾಪಕ್ಕ ಹೇಳಿದಳು, ಅಕ್ಕಯಮ್ಮ ಎತ್ತಿದಳು. ಮೊದಲ ಸೊಲ್ಲಿಗೆ ಅಮ್ಮನ ದನಿ ನಡುಗಿತು, ಎರಡನೆಯದಕ್ಕೆ ಕಾಲೂರಿತು, ಮೂರನೆಯದಕ್ಕೆ ಕೆಂಪರಾಜನಿಗೆ ಪರಿಚಯವೇ ಇಲ್ಲದ ಒಬ್ಬ ಹುಡುಗಿ ಆ ಗಂಟಲಿನಿಂದ ಹೊರಗೆ ಬಂದಳು. ವಿಜಯ್ ಅವನ ಕಡೆ ನೋಡಿ ಕಣ್ಣು ಅರಳಿಸಿದ. ಮೈಕೋ ಡಬ್ಬಿಯೋ ಎಂದು ಇಬ್ಬರಿಗೂ ಮರೆತುಹೋಗಿತ್ತು. ಒಂದು ದನಿ ಸೊಲ್ಲನ್ನು ಎಸೆಯುವುದು, ಇನ್ನೊಂದು ಅದು ನೆಲ ಮುಟ್ಟುವ ಮುಂಚೆ ಹಿಡಿದು ಒಂದು ಗೇಣು ಮೇಲಕ್ಕೆ ಎಸೆಯುವುದು. ನಡುವೆ ಖಾಲಿಯೇ ಇಲ್ಲ, ಕತ್ತರಿ ಹಾಕಲು ಸಂದೇ ಇಲ್ಲ. ಹುಣಸೆ ತೋಪು ಬಂತು, ಗಿಣಿಗಳು ಬಂದವು. ಅಪ್ಪಯ್ಯಣ್ಣ ತೊಡೆಯ ಮೇಲೆ ಸದ್ದಾಗದಂತೆ ತಾಳ ಹಾಕುತ್ತಿದ್ದರು. ಅಷ್ಟು ಸಂತೋಷವಾಗಿದ್ದರು ಅವರು.

*ಕೆರೆ ಹಿಂದಲ ಹೊಲ ಯಾರದವ್ವ, ನಮ್ಮವ್ವ ಉತ್ತದ್ದು ಕಾಣವ್ವ* ಎಂದಳು ಪಾಪಕ್ಕ. ಅಕ್ಕಯಮ್ಮ ಎತ್ತಿದಳು. ಅಪ್ಪಯ್ಯಣ್ಣನ ಕೈ ತೊಡೆಯ ಮೇಲೆ ನಿಂತಿತು. ಮಗನ ಕಡೆ ನೋಡಿದರು. ಕೆಂಪರಾಜ್ ಅವರ ಕಣ್ಣನ್ನು ತಪ್ಪಿಸಲಿಲ್ಲ. ತಪ್ಪಿಸಬೇಕು ಅನ್ನಿಸಿತು, ಆದರೂ ತಪ್ಪಿಸಲಿಲ್ಲ.

*ಕಲ್ಲಿಗೆ ಕಾಲು ಬಂದು ನಡೆದಾವೊ, ಬೈರಪ್ಪನ ಬೇಲಿಯ ಒಳಗೋಗಿ ಕುಂತಾವೊ.*

ಪಾಪಕ್ಕ ಹೇಳಿ ಬಿಟ್ಟಳು. ಸೊಲ್ಲು ಬೆಂಚಿನ ಮೇಲೆ, ಇಬ್ಬರ ನಡುವೆ, ಎತ್ತುವ ಕೈಗೆ ಕಾಯುತ್ತಾ ನಿಂತಿತು. ಅಕ್ಕಯಮ್ಮ ಉಸಿರು ತೆಗೆದುಕೊಂಡದ್ದು ಹೆಡ್‌ಫೋನಿನಲ್ಲಿ ದೊಡ್ಡದಾಗಿ ಕೇಳಿಸಿತು. ಅಪ್ಪಯ್ಯಣ್ಣ ಕುಕ್ಕೆಯಿಂದ ಎದ್ದು ನಿಂತಿದ್ದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೊಳ್ಳುವ ಹಾಗಿತ್ತು.

“ಬ್ಯಾಡ ಕಣೇ,” ಅಂದರು. “ಅದೊಂದು ಎತ್ಬ್ಯಾಡ.”

ಅಕ್ಕಯಮ್ಮ ಗಂಡನ ಕಡೆ ತಿರುಗಲಿಲ್ಲ. “ಎತ್ತೀನಿ, ಸುಮ್ಕಿರಿ,” ಅಂದು, ಅದೇ ಉಸಿರಿನಲ್ಲಿ, ಮಾವನ ಹೆಸರಿನ ಒಂದಕ್ಷರವನ್ನೂ ನುಂಗದೆ ಎತ್ತಿದಳು.